ಎಳೆ ತೆಗೆದರೆ ಸಾಲದು, ಪರೀಕ್ಷೆಗೂ ಜಾಗ ಬೇಕು

ಮಾನ್ಯ ಸಂಪಾದಕರೇ,

ಬಿಸಿಲು-ಗಾಳಿಯ ಕರೆಂಟಿನಿಂದ ನೀರನ್ನು ಒಡೆದು ತೆಗೆಯುವ ಹಸಿರು ಹೈಡ್ರೋಜನ್ ಬಗ್ಗೆ ಪತ್ರಿಕೆಗಳಲ್ಲಿ ಸಾಕಷ್ಟು ಬರುತ್ತಿದೆ. ಕೇಂದ್ರ ಸರ್ಕಾರ 2023ರಲ್ಲಿ 19,744 ಕೋಟಿ ರೂಪಾಯಿಯ ಮಿಷನ್‌ಗೆ ಒಪ್ಪಿಗೆ ಕೊಟ್ಟ ಮೇಲಂತೂ ಜಾಸ್ತಿಯೇ. ಗ್ಯಾಸ್ ಎಲ್ಲಿ ತಯಾರಾಗುತ್ತದೆ, ಬಸ್ ಯಾವಾಗ ಓಡುತ್ತದೆ, ಇದೇ ಸುದ್ದಿ. ನಮ್ಮ ಭಾಗಕ್ಕೆ ಈ ಗ್ಯಾಸ್ ಹೊಸದೇನಲ್ಲ ಬಿಡಿ, ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರದ ದೊಡ್ಡ ಜನರೇಟರುಗಳನ್ನು ತಂಪಾಗಿಡುವುದೂ ಇದೇ. ಆದರೆ ಗ್ಯಾಸಿನಿಂದ ಕರೆಂಟು ತೆಗೆಯುವ ಫ್ಯೂಯೆಲ್ ಸೆಲ್ ನಡುವೆ ಒಂದು ತೆಳು ಪೊರೆ ಇದೆಯಲ್ಲ, ಅದರ ಮಾತೇ ಬರುವುದಿಲ್ಲ. ರಾಯಚೂರಿನ ಬಿಸಿಲಿಗೆ ಕೈಕೊಡುವ ಭಯ ಇರುವುದು ಅದರದ್ದೇ.

ಈ ಪೊರೆ ಪ್ರೋಟಾನನ್ನು (ಎಲೆಕ್ಟ್ರಾನ್ ಕಳೆದುಕೊಂಡ ಹೈಡ್ರೋಜನ್ ಕಣ) ಆಚೆ ಬಿಡಬೇಕು, ಗ್ಯಾಸನ್ನು ಬಿಡಬಾರದು. ಈಗ ಹೆಚ್ಚಾಗಿ ಬಳಸುವ ನ್ಯಾಫಿಯಾನ್ ಎಂಬ ಪಾಲಿಮರ್ (ಪ್ಲಾಸ್ಟಿಕ್ಕಿನಂಥ ವಸ್ತು) ಒದ್ದೆಯಿದ್ದಾಗಷ್ಟೇ ಈ ಕೆಲಸ ಚೆನ್ನಾಗಿ ಮಾಡುತ್ತದೆ. ನೀರು ಹೀರಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಹೀಗೇ ಆಗಿ ಆಗಿ ಕಡೆಗೆ ಬಿರುಕು ಬಿಡುತ್ತದೆ. ಸೆಲ್ ನಡೆಯುವುದು 70–80 ಡಿಗ್ರಿಯಲ್ಲಿ. ಹೊರಗೆ 20 ಡಿಗ್ರಿ ಇರುವ ಊರಲ್ಲಿ ರೇಡಿಯೇಟರ್ ಆ ಬಿಸಿಯನ್ನು ಸುಲಭವಾಗಿ ಹೊರಹಾಕುತ್ತದೆ. ಮೇ ತಿಂಗಳಲ್ಲಿ ಇಲ್ಲಿ ಹೊರಗೇ 43 ಇರುತ್ತದೆ. ಆಗ ಸೆಲ್ ಅತಿಯಾಗಿ ಬಿಸಿಯಾಗುತ್ತದೆ, ಪೊರೆ ಒಣಗುತ್ತದೆ.

ಇದಕ್ಕೊಂದು ದಾರಿ ಎಲೆಕ್ಟ್ರೋಸ್ಪಿನ್ನಿಂಗ್. ಪಾಲಿಮರ್ ದ್ರಾವಣವನ್ನು ಸಿರಿಂಜಿಗೆ ತುಂಬಿ ಸೂಜಿಗೆ 10–25 ಸಾವಿರ ವೋಲ್ಟ್ ಕೊಟ್ಟರೆ, ತುದಿಯ ಹನಿ ಚೂಪಾಗಿ ಅದರಿಂದ ಎಳೆ ಚಿಮ್ಮುತ್ತದೆ. ಎದುರಿನ ತಗಡಿನ ಮೇಲೆ ಕೆಲವು ನೂರು ನ್ಯಾನೋಮೀಟರ್ ದಪ್ಪದ ಎಳೆಗಳ ಬಿಳಿ ಹಾಳೆ ಕೂರುತ್ತದೆ. ಕಾಂಕ್ರೀಟಿನೊಳಗಿನ ಸರಳಿನ ಹಾಗೆ ಈ ಎಳೆಗಳು ಪೊರೆ ಉಬ್ಬದಂತೆ ಬಿಗಿಹಿಡಿಯುತ್ತವೆ.

ಕೇಳಲು ಸುಲಭ. ನ್ಯಾಫಿಯಾನ್ ಒಂದನ್ನೇ ಹಾಕಿದರೆ ಎಳೆ ಬರುವುದಿಲ್ಲ, ಸುಮ್ನೆ ಹನಿಹನಿಯಾಗಿ ಸಿಡಿಯುತ್ತದೆ. ಪಾಲಿಎಥಿಲೀನ್ ಆಕ್ಸೈಡ್‌ನಂಥ ಇನ್ನೊಂದು ಪಾಲಿಮರ್ ಸ್ವಲ್ಪ ಬೆರೆಸಬೇಕು. ಬೇಸಿಗೆಯ ಒಣಗಾಳಿಗೆ ದ್ರಾವಣ ಸೂಜಿಯ ತುದಿಯಲ್ಲೇ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಕರೆಂಟು ಆರಿಸು, ಒರೆಸು, ಮತ್ತೆ ಶುರು ಮಾಡು. ಮಳೆಗಾಲದಲ್ಲಿ ತೇವ ಜಾಸ್ತಿಯಾದರೆ ಎಳೆಗಳು ಆರದೆ ಒಂದಕ್ಕೊಂದು ಅಂಟುತ್ತವೆ.

ಇಷ್ಟು ಪಾಡು ಪಟ್ಟು ತೆಗೆದ ಹಾಳೆ ಇನ್ನೂ ಪೊರೆ ಅಲ್ಲ. ತುಂಬಾ ತೂತು, ಹೈಡ್ರೋಜನ್ ಸೀದಾ ನುಗ್ಗುತ್ತದೆ. ಆ ಸಂದಿಗಳನ್ನು ಇನ್ನೊಂದು ಪಾಲಿಮರಿನಿಂದ ತುಂಬಬೇಕು. ಆಮೇಲೆ ಸೆಲ್‌ಗೆ ಹಾಕಿ, ಒದ್ದೆ ಮಾಡಿ, ಒಣಗಿಸಿ, ಎಷ್ಟು ಸಲ ತಡೆಯುತ್ತದೆ ನೋಡಬೇಕು. ನಮ್ಮ ಕಡೆ ಪ್ರಾಜೆಕ್ಟುಗಳು ಇದಕ್ಕೆ ಮುಂಚೆಯೇ ನಿಲ್ಲುತ್ತವೆ. ನಾನು ಕಂಡ ಒಂದು ಕಾಲೇಜಿನಲ್ಲಿ ಸ್ಪಿನ್ನಿಂಗ್ ಯಂತ್ರ ಇದೆ, ಸೆಲ್ ಪರೀಕ್ಷಿಸುವ ವ್ಯವಸ್ಥೆ ಇಲ್ಲ. ಎಳೆಗಳ ಫೋಟೋ ವರದಿಗೆ ಅಂಟಿಸುತ್ತಾರೆ, ವೈವಾ ಮುಗಿಯುತ್ತದೆ, ಹಾಳೆ ಬೀರು ಸೇರುತ್ತದೆ. ಇದು ಹುಡುಗರ ತಪ್ಪಲ್ಲ. ಬೆಂಗಳೂರಿಗೆ ಸ್ಯಾಂಪಲ್ ಕಳಿಸಿ ಕಾಯುವಷ್ಟರಲ್ಲಿ ಸೆಮಿಸ್ಟರೇ ಮುಗಿದಿರುತ್ತದೆ.

ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿ ಬಳ್ಳಾರಿ, ಕೊಪ್ಪಳ, ರಾಯಚೂರು ಮೂರಕ್ಕೂ ಸೇರಿ ಫ್ಯೂಯೆಲ್ ಸೆಲ್ ಪರೀಕ್ಷೆಯ ಒಂದು ಬೆಂಚ್ (ಸೆಲ್ ಓಡಿಸಿ ನೋಡುವ ಸಲಕರಣೆ) ಕೊಡಿಸಲಿ. ಯಾವ ಊರಲ್ಲಿಟ್ಟರೂ ಸರಿ, ಅದಕ್ಕೊಂದು ಜಗಳ ಬೇಡ. ಹೈಡ್ರೋಜನ್ ಸಿಲಿಂಡರ್ ಬಳಸಲು ಗೊತ್ತಿರುವ ಕಾಯಂ ಟೆಕ್ನಿಷಿಯನ್ ಒಬ್ಬರು ಅಲ್ಲಿರಲೇಬೇಕು. ಏಪ್ರಿಲ್-ಮೇನಲ್ಲಿ ಒಂದು ಸುತ್ತು ಪರೀಕ್ಷೆ ಎಸಿ ಇಲ್ಲದ, ಚೆನ್ನಾಗಿ ಗಾಳಿಯಾಡುವ ಶೆಡ್ಡಿನಲ್ಲೇ ನಡೆಯಲಿ. ಇಲ್ಲಿ ಬಸ್ ಓಡಬೇಕಾದದ್ದು ಆ ಬಿಸಿಲಲ್ಲೇ ಅಲ್ವಾ? ಮಂಡಳಿಯ ಮುಂದಿನ ಕ್ರಿಯಾಯೋಜನೆಯಲ್ಲಿ ಇದನ್ನು ಸೇರಿಸಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

– ಒಬ್ಬ ರಸಾಯನಶಾಸ್ತ್ರ ಉಪನ್ಯಾಸಕ, ರಾಯಚೂರು