ರೋಮಿನ ಬಿಸಿಲಿನಲ್ಲಿ ನಿನ್ನ ಪಟ್ಟಿ

ಪ್ರೀತಿಯ ಗೆಳೆಯ,

ಈ ದಿನ ರೋಮಿನಲ್ಲಿ ಬಿಸಿಲು 37 ಡಿಗ್ರಿ ಮುಟ್ಟಿತು. ಬೆಳಿಗ್ಗೆ ಎದ್ದಾಗ ತೊಡಲು ಒಗೆದ ಅಂಗಿ ಒಂದೂ ಉಳಿದಿರಲಿಲ್ಲವಾದ್ದರಿಂದ, ಮೊದಲು ಹೋದದ್ದು ನಾಣ್ಯ ಹಾಕಿ ಬಟ್ಟೆ ಒಗೆದುಕೊಳ್ಳುವ ಅಂಗಡಿಗೆ. ಯಂತ್ರ ತಿರುಗುತ್ತಿರುವಾಗ ಎದುರಿನ ತಂಬಾಕಿನ ಅಂಗಡಿಯಲ್ಲಿ ಅಂಚೆಚೀಟಿಯನ್ನೂ ಬಸ್ಸಿನ ಟಿಕೆಟನ್ನೂ ಕೊಂಡೆ. ಒಂದೂವರೆ ಯೂರೋ ಕೊಟ್ಟರೆ 100 ನಿಮಿಷಗಳ ಓಡಾಟ. ಆದರೆ ಬಸ್ಸು ಹತ್ತಿದೊಡನೆ ಅದಕ್ಕೆ ಯಂತ್ರದಲ್ಲಿ ಮುದ್ರೆ ಒತ್ತಿಸದಿದ್ದರೆ ದಂಡ ತೆರಬೇಕು. ಇದನ್ನು ನೀನು ಈ ಪ್ರವಾಸದ ಪಟ್ಟಿಯಲ್ಲಿ ಕೆಂಪು ಶಾಯಿಯಿಂದ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದೆ.

ಒಗೆದ ಬಟ್ಟೆಯ ಚೀಲವನ್ನು ಹೆಗಲಿಗೇರಿಸಿಕೊಂಡೇ ಪ್ರಾಚೀನ ರೋಮನ್ನರ ದೇಗುಲವಾದ ಪ್ಯಾಂಥಿಯನ್ನಿಗೆ ಹೋದೆ. ಗುಮ್ಮಟದ ಅಗಲವೂ ನೆಲದಿಂದ ಅದರ ನೆತ್ತಿಯವರೆಗಿನ ಎತ್ತರವೂ ಒಂದೇ, ಸುಮಾರು 43 ಮೀಟರ್. ನೆತ್ತಿಯಲ್ಲಿರುವ ದುಂಡನೆಯ ಬಾಯಿಗೆ ಗಾಜಿಲ್ಲ. ಮಳೆ ಬಂದರೆ ನೀರು ಒಳಗೇ ಬೀಳುತ್ತದೆ, ಅದು ಹರಿದುಹೋಗಲು ನೆಲದಲ್ಲಿ ಸಣ್ಣ ಸಣ್ಣ ತೂತುಗಳಿವೆ. ಈ ದಿನ ಅಲ್ಲಿಂದ ಬಿದ್ದದ್ದು ಬಿಸಿಲಿನ ದೊಡ್ಡದೊಂದು ಬಿಲ್ಲೆ. ಆದರೆ ನನ್ನನ್ನು ಬಹಳ ಹೊತ್ತು ನಿಲ್ಲಿಸಿದ್ದು ಹೊರಗಿನ ಬರಹ. ಲೂಸಿಯಸನ ಮಗ ಮಾರ್ಕಸ್ ಅಗ್ರಿಪ್ಪ ಮೂರನೆಯ ಬಾರಿ ಕಾನ್ಸಲ್, ಅಂದರೆ ರೋಮಿನ ಉನ್ನತ ಅಧಿಕಾರಿ, ಆಗಿದ್ದಾಗ ಇದನ್ನು ಕಟ್ಟಿಸಿದನೆಂದು ಅದು ಹೇಳುತ್ತದೆ. ಅಗ್ರಿಪ್ಪ ಕಟ್ಟಿಸಿದ್ದು ಬೆಂಕಿಗೆ ಆಹುತಿಯಾಗಿ, ಈಗ ನಿಂತಿರುವ ಕಟ್ಟಡ ಸುಮಾರು ಕ್ರಿ.ಶ. 126ರ ಹೊತ್ತಿಗೆ ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ ಮುಗಿದದ್ದು. ಆದರೂ ಹಣೆಯ ಮೇಲೆ ಉಳಿದಿರುವುದು ಅಗ್ರಿಪ್ಪನ ಹೆಸರು.

ಆ ನೆರಳಿನಲ್ಲಿ ನಿಂತು ನಾನು ನಿನ್ನ ಪಟ್ಟಿಯನ್ನು ಜೇಬಿನಿಂದ ತೆಗೆದೆ. ಹನ್ನೊಂದು ದಿನಗಳಿಂದ ನಾನು ಹಾಕುತ್ತಿರುವ ಚಿತ್ರಗಳನ್ನು ನೋಡಿ ‘ಎಷ್ಟು ಚೆನ್ನಾಗಿ ಯೋಜನೆ ಹಾಕಿದ್ದೀಯ’ ಎಂದು ಎಲ್ಲರೂ ಹೊಗಳಿದಾಗ, ಅದು ನೀನು ಮೂರು ವರ್ಷ ಸಂಜೆಗಳಲ್ಲಿ ಕುಳಿತು ಬರೆದ ಪಟ್ಟಿಯೆಂದು ನಾನು ಒಮ್ಮೆಯೂ ಹೇಳಲಿಲ್ಲ. ಹೊಗಳಿಕೆಯನ್ನು ಎಲ್ಲರೆದುರು ಪಡೆದಿದ್ದೇನೆ. ಆದ್ದರಿಂದಲೇ ಈ ಪತ್ರವೂ ಎಲ್ಲರೆದುರು.

ಹೊರಗೆ ಬಂದು ಹಣ್ಣು, ಬ್ರೆಡ್ಡು ಕೊಂಡು ಬೀದಿಬದಿಯ ನಲ್ಲಿಯೊಂದನ್ನು ಹುಡುಕಿದೆ. ಎರಕದ ಕಬ್ಬಿಣದ ಈ ಕಂಬಗಳು 1874ರಿಂದ ಈ ಊರಿನಲ್ಲಿವೆ. ಕೊಳವೆ ಬಾಗಿರುವುದರಿಂದ ಜನ ಅದನ್ನು ‘ನಾಸೋನೆ’, ಅಂದರೆ ದೊಡ್ಡ ಮೂಗು, ಎನ್ನುತ್ತಾರೆ. ನಮ್ಮ ‘ನಾಸಿಕ’ ಎಷ್ಟು ಹತ್ತಿರದ್ದು ನೋಡು. ಕೊಳವೆಯ ಬಾಯಿಯನ್ನು ಬೆರಳಿನಿಂದ ಮುಚ್ಚಿದರೆ ಮೂಗಿನ ಮೇಲಿನ ತೂತಿನಿಂದ ತಣ್ಣನೆಯ ನೀರು ಮೇಲಕ್ಕೆ ಚಿಮ್ಮುತ್ತದೆ. ನನ್ನ ಎರಡು ಕೈಗಳೂ ತುಂಬಿದ್ದವು. ಹಿಂದೆ ನಿಂತಿದ್ದ ವೃದ್ಧೆಯೊಬ್ಬರು ಮುಂದೆ ಬಂದು, ಏನೂ ಹೇಳದೆ, ಕೊಳವೆಯ ಬಾಯಿಗೆ ಬೆರಳಿಟ್ಟು ನಿಂತರು. ನಾನು ಬಗ್ಗಿ ಕುಡಿದೆ. ತಲೆಯೆತ್ತಿದವನು ನಿನಗೇನೋ ಹೇಳಲು ಪಕ್ಕಕ್ಕೆ ತಿರುಗಿದೆ.

ಇಷ್ಟು ಹೇಳಿದ ಮೇಲೆ ಉಳಿದದ್ದನ್ನು ಮುಚ್ಚಿಡಲಾರೆ. ಬರಲಾಗುವುದಿಲ್ಲವೆಂದು ನೀನು ಫೋನು ಮಾಡಿದ ರಾತ್ರಿ ನಾನು ಬಹಳ ಬೇಸರವಾಯಿತೆಂದೆ. ನಿಜವಾಗಿ ಮನಸ್ಸು ಹಗುರವಾಗಿತ್ತು. ನನ್ನ ನಡಿಗೆಯಲ್ಲಿ ನಾನು ನಡೆಯಬಹುದು, ಯಾರಿಗೂ ಕಾಯಬೇಕಿಲ್ಲ ಎನಿಸಿತ್ತು. ನಿನಗೆ ಕಡಿಮೆ ಬಿದ್ದಿದ್ದ ಹಣ ನನ್ನ ಬಳಿ ಇತ್ತು. ಕೊಡುತ್ತೇನೆ ಎನ್ನುವ ಮಾತು ಬಾಯಿಯವರೆಗೆ ಬಂದಿತ್ತು, ನಾನು ಅದನ್ನು ನುಂಗಿಕೊಂಡೆ.

ಇದನ್ನು ಬರೆಯಲೆಂದು ಕುಳಿತಿರಲಿಲ್ಲ, ಅಂಗಿಗಳ ಸುದ್ದಿ ಹೇಳಬೇಕೆಂದಿದ್ದೆ. ಅಂಗಿಗಳು ಕ್ಷೇಮ. ಮೇಷ್ಟರ ಹಸಿರು ಕೊಡೆಯೂ ಕ್ಷೇಮ, ಅವರಿಗೆ ತಿಳಿಸಿಬಿಡು. ನಿನ್ನ ಪಟ್ಟಿಯಲ್ಲಿ ಇನ್ನು ಒಂದೇ ಸಾಲು ಉಳಿದಿದೆ: ಜಾನಿಕೊಲೊ ಗುಡ್ಡದ ಮೇಲೆ ದಿನವೂ ಮಧ್ಯಾಹ್ನ ಹನ್ನೆರಡಕ್ಕೆ ಹಾರಿಸುವ ತೋಪು. ನಾಳೆ ಅಲ್ಲಿಂದ ಫೋನು ಮಾಡುತ್ತೇನೆ. ನಿನ್ನ ಗಡಿಯಾರದಲ್ಲಿ ಆಗ ಮೂರೂವರೆ. ನನ್ನೊಡನೆ ಮಾತಾಡಲು ಮನಸ್ಸಿಲ್ಲದಿದ್ದರೂ ಎತ್ತಿಕೋ, ತೋಪಿನ ಸದ್ದು ಕೇಳಿ ಇಟ್ಟುಬಿಡು.

ನಿನ್ನವನು