ಬೀಡು ಪಾತ್ರೆಗಳು ಗುಜರಿ ಸೇರದಿರಲಿ

ಮಾನ್ಯ ಸಂಪಾದಕರೇ,

ದಸರೆಯಿಂದ ದೀಪಾವಳಿಯವರೆಗೆ ಬಳ್ಳಾರಿಯ ಮನೆಗಳಲ್ಲಿ ಅಟ್ಟ, ಹಿತ್ತಲು, ಅಡುಗೆಮನೆಯ ಮೂಲೆಗಳನ್ನು ತೊಳೆದು ಬಳಿಯುವ ಕೆಲಸ ನಡೆಯುತ್ತದೆ. ಅದೇ ದಿನಗಳಲ್ಲಿ ಕೌಲ್ ಬಜಾರಿನಲ್ಲಾಗಲಿ, ಸತ್ಯನಾರಾಯಣಪೇಟೆಯಲ್ಲಾಗಲಿ, ಓಣಿಗಳನ್ನು ಸುತ್ತುವ ಗುಜರಿ ಗಾಡಿಗಳ ಮೇಲೆ ರದ್ದಿ ಪತ್ರಿಕೆ, ಒಡೆದ ಪ್ಲಾಸ್ಟಿಕ್ ಕೊಡಗಳ ಜೊತೆಗೆ ತುಕ್ಕು ಹಿಡಿದ ಬೀಡಿನ, ಅಂದರೆ ಎರಕದ ಕಬ್ಬಿಣದ, ದೋಸೆ ಹಂಚು, ಪಡ್ಡಿನ ಹಂಚು, ಎರಡು ಕಿವಿಯ ಬಾಣಲೆಗಳು ಕಾಣಿಸುತ್ತವೆ. ಹಬ್ಬ ಮುಗಿಯುವ ಹೊತ್ತಿಗೆ ಇವೆಲ್ಲ ತೂಕಕ್ಕೆ ಮಾರಾಟವಾಗಿ ಕರಗುವ ಕುಲುಮೆಯ ದಾರಿ ಹಿಡಿದಿರುತ್ತವೆ. ಇವುಗಳಲ್ಲಿ ಬಹುಪಾಲು ಇನ್ನೂ ಹಲವು ತಲೆಮಾರು ಬಾಳಬಲ್ಲ ಪಾತ್ರೆಗಳು ಎಂಬುದನ್ನು, ಹಳೆಯ ಬೀಡು ಪಾತ್ರೆಗಳನ್ನು ಕೂಡಿಟ್ಟು, ತುಕ್ಕು ತೆಗೆದು, ಮತ್ತೆ ಒಲೆಗೇರಿಸುವುದರಲ್ಲಿ ನಿವೃತ್ತಿಯ ಸಮಯವನ್ನು ಕಳೆಯುತ್ತಿರುವ ರಸಾಯನಶಾಸ್ತ್ರದ ಶಿಕ್ಷಕಿಯಾದ ನಾನು ತಮ್ಮ ಓದುಗರ ಗಮನಕ್ಕೆ ತರಬಯಸುತ್ತೇನೆ.

ಮೊದಲಿಗೆ ಪಾತ್ರೆಯ ಗುರುತು ತಿಳಿದಿರಬೇಕು. ನಮ್ಮಲ್ಲಿ ಜೋಳದ ರೊಟ್ಟಿ ಸುಡುವ ತೆಳುವಾದ ಹಂಚುಗಳು ಹೆಚ್ಚಾಗಿ ಕಬ್ಬಿಣದ ತಗಡಿನಿಂದ ಮಾಡಿದವು. ಅವು ಬಿದ್ದರೆ ಸೊಟ್ಟಗಾಗುತ್ತವೆಯೇ ಹೊರತು ಒಡೆಯುವುದಿಲ್ಲ. ಬೀಡಿನ ಪಾತ್ರೆಯನ್ನು ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಎರೆದು ಮಾಡುತ್ತಾರೆ. ಅದರಲ್ಲಿ ಶೇಕಡಾ 2ರಿಂದ 4ರಷ್ಟು ಇಂಗಾಲವಿರುತ್ತದೆ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಶಾಖ ಬೇಕಾದರೆ, ಈ ಇಂಗಾಲದ ಕಾರಣದಿಂದ ಬೀಡು 1200 ಡಿಗ್ರಿಯ ಆಸುಪಾಸಿನಲ್ಲೇ ನೀರಾಗಿ ಹರಿದು, ಪಡ್ಡಿನ ಹಂಚಿನ ಒಂದೊಂದು ಗುಳಿಯ ಆಕಾರವನ್ನೂ ತಾಳಬಲ್ಲದು. ಅದೇ ಇಂಗಾಲ ಗ್ರಾಫೈಟಿನ ಸಣ್ಣ ಸಣ್ಣ ಪದರಗಳಾಗಿ ಒಳಗೆ ಹರಡಿಕೊಳ್ಳುವುದರಿಂದ ಲೋಹ ಪೆಡಸಾಗುತ್ತದೆ. ಕಾದ ಬಾಣಲೆಗೆ ತಣ್ಣೀರು ಸುರಿದರೆ ಸೀಳುವುದು, ಕಲ್ಲು ನೆಲಕ್ಕೆ ಬಿದ್ದರೆ ಎರಡು ಹೋಳಾಗುವುದು ಈ ಗುಣದಿಂದಲೇ.

ಗುಜರಿ ಅಂಗಡಿಯಲ್ಲಿ ಇಂಥ ಪಾತ್ರೆ ಕಂಡರೆ ಕೊಳ್ಳುವ ಮುನ್ನ ಅದನ್ನು ಕಿವಿ ಹಿಡಿದು ಎತ್ತಿ, ಮರದ ತುಂಡಿನಿಂದ ಮೆಲ್ಲಗೆ ತಟ್ಟಬೇಕು. ಸ್ವಚ್ಛವಾದ ನಾದ ಬಂದರೆ ಪಾತ್ರೆ ಗಟ್ಟಿಯಾಗಿದೆ. ಸತ್ತ ದನಿ ಬಂದರೆ ಎಲ್ಲೋ ಸೀಳಿದೆ ಎಂದು ಅನುಮಾನಿಸಬೇಕು. ಸೀಳಿದ ಬೀಡನ್ನು ಬೆಸುಗೆ ಹಾಕಿಸಿ ಒಲೆಗೆ ಏರಿಸುವುದು ನನ್ನ ಮಟ್ಟಿಗೆ ವ್ಯರ್ಥ ಪ್ರಯತ್ನ, ಕಾವಿಗೆ ಅದು ಮತ್ತೆ ಬಿಡುವ ಸಂಭವವೇ ಹೆಚ್ಚು. ತುಕ್ಕು ಎಷ್ಟೇ ದಪ್ಪವಿದ್ದರೂ ಹೆದರಬೇಕಾದ್ದಿಲ್ಲ.

ತುಕ್ಕು ತೆಗೆಯುವ ವಿಚಾರದಲ್ಲಿ ನಮ್ಮಲ್ಲಿ ಎರಡು ತಪ್ಪು ರೂಢಿಗಳಿವೆ. ಒಂದು, ಪಾತ್ರೆಯನ್ನು ಉರಿಯುವ ಕೆಂಡದಲ್ಲಿ ಹೂತು ಸುಡುವುದು. ಹೀಗೆ ಸುಟ್ಟ ಬೀಡು ಸೊಟ್ಟಗಾಗಬಹುದು, ಸೀಳಬಹುದು. ಅತಿಯಾದ ಶಾಖಕ್ಕೆ ಮೇಲ್ಮೈ ಕೆಂಪಾಗಿ ಹಾಳಾದರೆ ಮುಂದೆ ಎಣ್ಣೆಯ ಪದರ ಅದರ ಮೇಲೆ ಸರಿಯಾಗಿ ನಿಲ್ಲುವುದೇ ಇಲ್ಲ. ಇನ್ನೊಂದು, ವೆಲ್ಡಿಂಗ್ ಅಂಗಡಿಗೆ ಕೊಟ್ಟು ಗ್ರೈಂಡರ್ ಹಿಡಿಸುವುದು. ಅದರಿಂದ ಹಂಚಿನ ನುಣುಪು ಹೋಗಿ ಗೀರುಗಳುಳಿಯುತ್ತವೆ, ಎರಕ ಹೊಯ್ದವರ ಗುರುತು, ಅಕ್ಷರಗಳೂ ಅಳಿಸಿಹೋಗುತ್ತವೆ. ಇವೆರಡೂ ಅಗತ್ಯವಿಲ್ಲ. ತೆಳುವಾದ ತುಕ್ಕಿಗೆ ಸಮ ಪ್ರಮಾಣದ ನೀರು ಬೆರೆಸಿದ ವಿನೆಗರಿನಲ್ಲಿ ಅರ್ಧ ಗಂಟೆ ಮುಳುಗಿಸಿ, ತೆಂಗಿನ ನಾರಿನಿಂದ ಉಜ್ಜಿ ತೊಳೆದರೆ ಸಾಕು. ಹೆಚ್ಚು ಹೊತ್ತು ಬಿಟ್ಟರೆ ಆಮ್ಲವು ತುಕ್ಕನ್ನು ಮುಗಿಸಿ ಕಬ್ಬಿಣವನ್ನೇ ತಿನ್ನಲು ತೊಡಗುತ್ತದೆ. ವರ್ಷಗಟ್ಟಲೆಯ ಎಣ್ಣೆ ಜಿಡ್ಡು ಕರಿಕಟ್ಟಿ ಕೂತಿದ್ದರೆ ಕಾಸ್ಟಿಕ್ ಸೋಡಾ ಕರಗಿಸಿದ ನೀರಿನಲ್ಲಿ ಕೆಲವು ದಿನ ಮುಳುಗಿಸಿಡಬೇಕು. ಕಾಸ್ಟಿಕ್ ಸೋಡಾ ಕಣ್ಣು, ಚರ್ಮಗಳನ್ನು ಸುಡುವ ವಸ್ತುವಾದ್ದರಿಂದ ರಬ್ಬರ್ ಕೈಗವಸು, ಕನ್ನಡಕವಿಲ್ಲದೆ ಮುಟ್ಟಬಾರದು. ಯಾವಾಗಲೂ ನೀರಿಗೆ ಸೋಡಾ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು. ಅಲ್ಯೂಮಿನಿಯಂ ಪಾತ್ರೆಯನ್ನು ಈ ನೀರಿನ ಹತ್ತಿರವೂ ಒಯ್ಯಬಾರದು.

ತುಕ್ಕು ಆಳಕ್ಕೆ ಇಳಿದಿದ್ದರೆ ಅತ್ಯುತ್ತಮ ಉಪಾಯವೆಂದರೆ ವಿದ್ಯುದ್ವಿಭಜನೆ, ಅಂದರೆ ನೀರಿನ ಮೂಲಕ ವಿದ್ಯುತ್ ಹರಿಸಿ ತುಕ್ಕು ಬಿಡಿಸುವುದು. ಪ್ಲಾಸ್ಟಿಕ್ ಟಬ್ಬಿನ ನೀರಿಗೆ ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚದಂತೆ ಬಟ್ಟೆ ಒಗೆಯುವ ವಾಷಿಂಗ್ ಸೋಡಾ ಕರಗಿಸಿ, 12 ವೋಲ್ಟಿನ ಬ್ಯಾಟರಿ ಚಾರ್ಜರಿನ ಋಣ ತಂತಿಯನ್ನು ಪಾತ್ರೆಗೂ, ಧನ ತಂತಿಯನ್ನು ಒಂದು ಸಾದಾ ಕಬ್ಬಿಣದ ಪಟ್ಟಿಗೂ ಜೋಡಿಸಿ, ಎರಡೂ ಒಂದಕ್ಕೊಂದು ತಾಗದಂತೆ ಮುಳುಗಿಸಬೇಕು. ತುಕ್ಕು ಸಡಿಲವಾಗಿ ಕಪ್ಪು ಕೆಸರಿನಂತೆ ಬಿಟ್ಟುಕೊಳ್ಳುತ್ತದೆ, ಕೆಳಗಿನ ಗಟ್ಟಿ ಲೋಹ ಎಳ್ಳಷ್ಟೂ ಸವೆಯುವುದಿಲ್ಲ. ಧನ ತಂತಿಗೆ ಸ್ಟೇನ್‌ಲೆಸ್ ಸ್ಟೀಲ್ ತುಂಡನ್ನು ಕಟ್ಟಲೇಬಾರದು, ಅದರಲ್ಲಿರುವ ಕ್ರೋಮಿಯಂ ವಿಷಕಾರಿ ಸಂಯುಕ್ತವಾಗಿ ನೀರಿಗಿಳಿಯುತ್ತದೆ. ಈ ಕ್ರಿಯೆಯಲ್ಲಿ ಹೈಡ್ರೋಜನ್ ಅನಿಲ ಹೊರಬರುವುದರಿಂದ ಟಬ್ಬು ಬಯಲಲ್ಲೇ ಇರಬೇಕು, ಸುತ್ತ ಬೆಂಕಿ ಇರಬಾರದು, ಪಾತ್ರೆ ಎತ್ತುವ ಮುನ್ನ ಚಾರ್ಜರ್ ಆರಿಸಿರಬೇಕು. ಹತ್ತನೆಯ ತರಗತಿಯ ಮಕ್ಕಳು ಪುಸ್ತಕದಲ್ಲಿ ಓದುವ ಪಾಠವೇ ಇದು. ವಿಜ್ಞಾನ ಶಿಕ್ಷಕರು ಶಾಲೆಯಂಗಳದಲ್ಲಿ ಒಮ್ಮೆ ಮಾಡಿ ತೋರಿಸಿದರೆ ಮಕ್ಕಳು ಅದನ್ನು ಮರೆಯುವುದಿಲ್ಲ.

ತುಕ್ಕು ಹೋದ ಬೀಡು ಬೂದು ಬಣ್ಣದ ಬತ್ತಲೆ ಲೋಹ. ತೊಳೆದು ಹಾಗೇ ಬಿಟ್ಟರೆ ನೋಡನೋಡುತ್ತಲೇ ಮತ್ತೆ ಕೆಂಪಡರುತ್ತದೆ. ಆದ್ದರಿಂದ ಕೂಡಲೇ ಒಲೆಯ ಮೇಲಿಟ್ಟು ಒಣಗಿಸಿ, ಎಣ್ಣೆ ಹಚ್ಚಿ ಪಳಗಿಸಬೇಕು. ಪಳಗಿಸುವುದೆಂದರೆ ಪಾತ್ರೆಗೆ ಎಣ್ಣೆ ಕುಡಿಸುವುದು ಎಂದು ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ತೆಳುವಾಗಿ ಸವರಿದ ಎಣ್ಣೆ ಕಾವಿಗೆ ಗಾಳಿಯ ಆಮ್ಲಜನಕದೊಡನೆ ಸೇರಿ, ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು, ಗಟ್ಟಿಯಾದ ಕಪ್ಪು ಪದರವಾಗಿ ಲೋಹಕ್ಕೆ ಅಂಟಿಕೊಳ್ಳುತ್ತವೆ. ಯಾವ ಎಣ್ಣೆ ಹೀಗೆ ಬೇಗ ಹೆಣೆದುಕೊಳ್ಳುತ್ತದೆ ಎಂಬುದನ್ನು ಅದರ ಅಯೋಡಿನ್ ಸಂಖ್ಯೆಯಿಂದ, ಅಂದರೆ ಎಣ್ಣೆ ಎಷ್ಟು ಅಯೋಡಿನ್ ಹೀರಿಕೊಳ್ಳುತ್ತದೆ ಎಂಬ ಅಳತೆಯಿಂದ, ಊಹಿಸಬಹುದು; ಅದು ಹೆಚ್ಚಿದ್ದಷ್ಟೂ ಎಣ್ಣೆ ಬೇಗ ಹೆಣೆದುಕೊಳ್ಳುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಅದು 10ರ ಆಸುಪಾಸು, ಶೇಂಗಾ ಎಣ್ಣೆಯಲ್ಲಿ ಸುಮಾರು 95, ಕುಸುಬಿ ಎಣ್ಣೆಯಲ್ಲಿ ಸುಮಾರು 145, ಅಗಸೆ ಎಣ್ಣೆಯಲ್ಲಿ 170ಕ್ಕೂ ಮೇಲು. ಅಗಸೆ ಎಣ್ಣೆಯ ಪದರ ಕನ್ನಡಿಯಂತೆ ಹೊಳೆದರೂ ಕೆಲವು ಕಾಲದ ನಂತರ ಹಕ್ಕಳೆಯಾಗಿ ಏಳುವುದುಂಟು. ಕುಸುಬಿ ಎಣ್ಣೆ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಿಂಗಾರಿ ಜೋಳದ ಹೊಲಗಳ ಅಂಚಿಗೆ ದನ ನುಗ್ಗದಂತೆ ಮುಳ್ಳಿನ ಕುಸುಬಿಯ ಸಾಲು ಬಿತ್ತುತ್ತಿದ್ದ ಈ ಎರೆಸೀಮೆಯಲ್ಲಿ, ರೊಟ್ಟಿಯ ಜೋಳವೂ ಹಂಚು ಪಳಗಿಸುವ ಎಣ್ಣೆಯೂ ಒಂದೇ ಹೊಲದಿಂದ ಮನೆಗೆ ಬರುತ್ತಿದ್ದವು.

ಹಚ್ಚುವ ಕ್ರಮದಲ್ಲಿ ಒಂದೇ ಗುಟ್ಟಿದೆ: ಹಚ್ಚಿದ ಎಣ್ಣೆಯನ್ನೆಲ್ಲ ಒಣ ಬಟ್ಟೆಯಿಂದ ಒರೆಸಿ ತೆಗೆಯಬೇಕು, ಏನೂ ಉಳಿದಿಲ್ಲವೆನ್ನುವಷ್ಟು. ಉಳಿದ ಆ ಅತಿ ತೆಳುವಾದ ಲೇಪವೇ ಬೇಕಾದದ್ದು. ದಪ್ಪಗೆ ಬಿಟ್ಟರೆ ಬೆಲ್ಲದ ಪಾಕದಂತೆ ಅಂಟಂಟಾಗುತ್ತದೆ. ನಂತರ ಮಂದ ಉರಿಯಲ್ಲಿ ಹೊಗೆ ಎದ್ದು, ಅದು ನಿಂತುಹೋಗುವ ತನಕ ಕಾಯಿಸಿ, ತಾನಾಗಿ ಆರಲು ಬಿಡಬೇಕು. ಐದಾರು ಸಲ ಹೀಗೆ ಮಾಡಿದರೆ ಪಾತ್ರೆ ಅಡುಗೆಗೆ ಸಿದ್ಧವಾಗುತ್ತದೆ.

ಬೀಡು ಶಾಖವನ್ನು ಅಲ್ಯೂಮಿನಿಯಮ್ಮಿನಷ್ಟು ಬೇಗ ಹರಡುವುದಿಲ್ಲ. ಸಣ್ಣ ಬರ್ನರಿನ ಮೇಲೆ ದೊಡ್ಡ ಹಂಚಿಟ್ಟರೆ ನಡುವೆ ಸೀದು ಅಂಚಿನಲ್ಲಿ ಹಸಿ ಉಳಿಯುತ್ತದೆ. ಮಂದ ಉರಿಯಲ್ಲಿ ನಿಧಾನಕ್ಕೆ ಕಾಯಲು ಬಿಟ್ಟರೆ ಮಾತ್ರ ಅದರ ಹೆಚ್ಚುಗಾರಿಕೆ ಗೊತ್ತಾಗುತ್ತದೆ. ತೂಕವಿರುವ ಪಾತ್ರೆ ತನ್ನೊಳಗೆ ಸಾಕಷ್ಟು ಕಾವನ್ನು ಹಿಡಿದಿಟ್ಟುಕೊಂಡಿರುವುದರಿಂದ, ತಣ್ಣನೆಯ ಹಿಟ್ಟು ಬಿದ್ದಾಗಲೂ ಕಾವು ಇಳಿಯದೆ ಪಡ್ಡಿನ ಹೊರಮೈ ಗರಿಗರಿಯಾಗಿ ಒಳಗೆ ಮೆತ್ತಗೆ ಬೇಯುತ್ತದೆ. ಶೇಂಗಾ, ಗುರೆಳ್ಳು ಹುರಿಯಲು, ಎಣ್ಣೆಗಾಯಿ ಮಾಡಲು, ಮಿರ್ಚಿ ಕರಿಯಲು ಬೀಡಿನ ಬಾಣಲೆಗೆ ಸಮನಾದದ್ದನ್ನು ನಾನು ಕಂಡಿಲ್ಲ. ಪುಂಡಿಪಲ್ಲೆ, ಹುಣಸೆ ಹುಳಿಯ ಸಾರುಗಳನ್ನು ಮಾತ್ರ ಹೊಸದಾಗಿ ಪಳಗಿಸಿದ ಪಾತ್ರೆಯಲ್ಲಿ ಕುದಿಸಬಾರದು. ಹುಳಿಯು ಪದರವನ್ನು ಕಿತ್ತು, ಪಲ್ಲೆಗೆ ಲೋಹದ ರುಚಿ ತರುತ್ತದೆ. ಚೆನ್ನಾಗಿ ಪಳಗಿದ ಪಾತ್ರೆಯಲ್ಲಿ ಮಾಡಿದರೂ ಆದ ಕೂಡಲೇ ಬೇರೆ ಪಾತ್ರೆಗೆ ತೆಗೆದಿಡಬೇಕು. ತೊಳೆಯಲು ಮೃದುವಾದ ಸೋಪು ಬಳಸಿದರೆ ತೊಂದರೆಯಿಲ್ಲ. ಹುಣಸೆಹಣ್ಣು, ಸ್ಟೀಲಿನ ನಾರು ಬೇಡ.

ಆರೋಗ್ಯದ ಮಾತನ್ನು ಎಚ್ಚರದಿಂದ ಆಡಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 57ರಷ್ಟು, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 67ರಷ್ಟು ಮಂದಿಗೆ ರಕ್ತಹೀನತೆಯಿದೆ. ಅಮೆರಿಕದಲ್ಲಿ 1986ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹುಳಿಯಾದ ಸೇಬಿನ ಸಾಸನ್ನು ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿದಾಗ 100 ಗ್ರಾಮಿನಲ್ಲಿದ್ದ ಕಬ್ಬಿಣಾಂಶ 0.35 ಮಿಲಿಗ್ರಾಮಿನಿಂದ 7.38 ಮಿಲಿಗ್ರಾಮಿಗೆ ಏರಿತು. ಇಥಿಯೋಪಿಯಾದ ಮಕ್ಕಳ ಕುರಿತು 1999ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವರದಿ, ಅಲ್ಯೂಮಿನಿಯಂ ಪಾತ್ರೆಯ ಊಟಕ್ಕಿಂತ ಕಬ್ಬಿಣದ ಪಾತ್ರೆಯ ಊಟ ಉಂಡ ಮಕ್ಕಳಲ್ಲಿ ಹಿಮೋಗ್ಲೋಬಿನ್ ಹೆಚ್ಚು ಸುಧಾರಿಸಿತೆಂದು ತೋರಿಸಿತು. ಹಾಗೆಂದು ಹಂಚು ಔಷಧಿಯಾಗದು. ವೈದ್ಯರು ಕೊಟ್ಟ ಕಬ್ಬಿಣಾಂಶದ ಮಾತ್ರೆಯನ್ನು ಯಾರೂ ನಿಲ್ಲಿಸಬಾರದು. ದೇಹದಲ್ಲಿ ಕಬ್ಬಿಣಾಂಶ ಅತಿಯಾಗಿ ಸೇರಿಕೊಳ್ಳಬಹುದಾದ ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆ ಇರುವವರ ಮನೆಯಲ್ಲಿ ವೈದ್ಯರನ್ನು ಕೇಳದೆ ಇಂಥ ಪಾತ್ರೆಗೆ ಬದಲಾಗಬಾರದು.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಗುಜರಿಯಿಂದ ಬಂದ ಬಾಣಲೆಯನ್ನು ಹಿಂದೆ ಯಾರಾದರೂ ಮೀನುಬಲೆಯ ಗುಂಡು ಎರೆಯಲೋ, ಬ್ಯಾಟರಿ ಕೆಲಸಕ್ಕೋ ಸೀಸ ಕರಗಿಸಲು ಬಳಸಿರುವ ಸಾಧ್ಯತೆ ಇರುತ್ತದೆ. ಸೀಸದ ವಿಷ ಮಕ್ಕಳ ಮೆದುಳಿಗೆ ಹಾನಿಕರ, ಅದು ತೊಳೆದರೆ ಹೋಗುವಂಥದ್ದಲ್ಲ. ಪೂರ್ವಾಪರ ತಿಳಿಯದ ಪಾತ್ರೆಯನ್ನು ಸೀಸದ ಪರೀಕ್ಷೆ ಮಾಡಿಸದೆ ಅಡುಗೆಗೆ ಇಡಬಾರದು. ಅನುಮಾನವಿದ್ದರೆ ಗೋಡೆಗೆ ನೇತುಹಾಕಿ ನೋಡುವುದಷ್ಟೇ ಸರಿ. ತಮ್ಮದೇ ಮನೆಯ ಅಟ್ಟದಲ್ಲಿರುವ, ಅಜ್ಜಿ ಬಳಸಿದ ಹಂಚು ಇದ್ದವರು ಈ ಮಟ್ಟಿಗೆ ಭಾಗ್ಯವಂತರು.

ಅಮೆರಿಕದ ಈರಿ ಪಟ್ಟಣದಲ್ಲಿ ಪಾತ್ರೆ ಎರೆಯುತ್ತಿದ್ದ ಗ್ರಿಸ್‌ವೋಲ್ಡ್ ಕಾರ್ಖಾನೆ 1957ರಲ್ಲಿ ಮುಚ್ಚಿಹೋಯಿತು. ಆದರೂ ಅಲ್ಲಿನ ಸಂಗ್ರಾಹಕರು ಬಾಣಲೆಯ ತಳದಲ್ಲಿರುವ ಮುದ್ರೆಯ ಆಕಾರ ನೋಡಿ, ಅದು ಯಾವ ಕಾಲದ ಎರಕವೆಂದು ಹೇಳಬಲ್ಲರು. ಅಷ್ಟು ವಿವರವಾಗಿ ದಾಖಲೆ ಮಾಡಿಟ್ಟಿದ್ದಾರೆ. ಬಳ್ಳಾರಿ 1953ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು, ರಾಯಚೂರು, ಕೊಪ್ಪಳಗಳು 1948ರವರೆಗೆ ನಿಜಾಮರ ಸಂಸ್ಥಾನದಲ್ಲಿದ್ದವು. ತುಂಗಭದ್ರೆಯ ಆಚೆಗೂ ಈಚೆಗೂ ಇರುವ ಮನೆಗಳಲ್ಲಿನ ಬೀಡು ಪಾತ್ರೆಗಳು ಎಲ್ಲಿ ಎರಕಗೊಂಡವು, ಯಾವ ಸಂತೆಯಿಂದ ಬಂದವು, ಅವುಗಳ ಮೇಲಿನ ಅಕ್ಷರ ಯಾವ ಲಿಪಿಯದು ಎಂಬುದನ್ನು ಹಿರಿಯರು ಬದುಕಿರುವಾಗಲೇ ಕೇಳಿ ಬರೆದಿಡಬೇಕು. ಸಂಗನಕಲ್ಲಿನ ನವಶಿಲಾಯುಗದ ಜನರ ಕಲ್ಲಿನ ಕೊಡಲಿಗಳನ್ನು ಜೋಪಾನ ಮಾಡಿರುವ ನಮ್ಮ ರಾಬರ್ಟ್ ಬ್ರೂಸ್ ಫೂಟ್ ವಸ್ತುಸಂಗ್ರಹಾಲಯವು, ಈ ನೆಲದ ಮನೆಬಳಕೆಯ ಕಬ್ಬಿಣಕ್ಕೂ ಒಂದು ಕೊಠಡಿಯನ್ನು ಮೀಸಲಿಟ್ಟು, ಕೊಡುವವರ ಊರು, ಪಾತ್ರೆಯ ಚರಿತ್ರೆಗಳೊಂದಿಗೆ ದಾನವಾಗಿ ಸ್ವೀಕರಿಸಲಿ ಎಂದು ಸಂಬಂಧಪಟ್ಟವರನ್ನು ಪ್ರಾರ್ಥಿಸುತ್ತೇನೆ.

ಸಂಡೂರಿನ ಗುಡ್ಡಗಳ ಅದಿರು ತೋರಣಗಲ್ಲಿನಲ್ಲಿ ಉಕ್ಕಾಗುತ್ತದೆ. ನೆರೆಯ ಕೊಪ್ಪಳದ ಬೇವಿನಹಳ್ಳಿಯಲ್ಲಿ ಬೀಡು ಕಬ್ಬಿಣವೂ ಯಂತ್ರಗಳ ಎರಕದ ಭಾಗಗಳೂ ತಯಾರಾಗುತ್ತವೆ. ಇಷ್ಟೆಲ್ಲ ಇದ್ದೂ ನಮ್ಮ ಪೇಟೆಯ ಪಾತ್ರೆ ಅಂಗಡಿಯಲ್ಲಿ ಹೊಸ ಬೀಡಿನ ಹಂಚು ಕೇಳಿದರೆ ಹೊರಗಿನಿಂದ ಬಂದದ್ದನ್ನೇ ತೋರಿಸುತ್ತಾರೆ. 2015ರ ಗಣಿ ಕಾಯ್ದೆಯ ತಿದ್ದುಪಡಿಯಿಂದ ರೂಪುಗೊಂಡ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯನ್ನು ಗಣಿಬಾಧಿತ ಪ್ರದೇಶಗಳ ಆರೋಗ್ಯ, ಮಹಿಳಾ ಮತ್ತು ಮಕ್ಕಳ ಕಲ್ಯಾಣ, ಕೌಶಲ ತರಬೇತಿಗಳಿಗೆ ಬಳಸಲು ಅವಕಾಶವಿದೆ. ಆ ನಿಧಿಯಿಂದ ಸಂಡೂರು ತಾಲ್ಲೂಕಿನ ಕೆಲವು ಅಂಗನವಾಡಿಗಳಿಗೆ, ವೈದ್ಯರ ಸಲಹೆ ಪಡೆದು, ಒಗ್ಗರಣೆ, ಪಲ್ಲೆಗಳಿಗಾಗಿ ಪಳಗಿಸಿದ ಬೀಡಿನ ಬಾಣಲೆಗಳನ್ನು ಪ್ರಾಯೋಗಿಕವಾಗಿ ಕೊಡಬಹುದು; ಪಳಗಿಸುವ ಕೆಲಸವನ್ನು ಅದೇ ಊರಿನ ಮಹಿಳಾ ಸ್ವಸಹಾಯ ಸಂಘಗಳಿಗೆ ಕೂಲಿ ಕೊಟ್ಟು ಒಪ್ಪಿಸಬಹುದು; ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಎರಕದ ಕೆಲಸ ಕಲಿಯುವ ಯುವಕರಿಗೆ ಪಡ್ಡಿನ ಹಂಚಿನ ಅಚ್ಚು ಮಾಡುವುದನ್ನೂ ಕಲಿಸಬಹುದು. ಜಿಲ್ಲಾಧಿಕಾರಿಗಳು ಪ್ರತಿಷ್ಠಾನದ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದೂ, ಅಲ್ಲಿಯವರೆಗೆ ಓದುಗರು ಈ ಹಬ್ಬದ ಸ್ವಚ್ಛತೆಯಲ್ಲಿ ಸಿಕ್ಕ ಬೀಡು ಪಾತ್ರೆಗಳನ್ನು ಗಾಡಿಗೆ ಹಾಕದೆ ಒಣಗಿಸಿ, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳಬೇಕೆಂದೂ ಕೋರುತ್ತೇನೆ.

ಇಂತಿ,
ನಿವೃತ್ತ ಶಿಕ್ಷಕಿ, ಗಾಂಧಿನಗರ, ಬಳ್ಳಾರಿ