ಆಯಿಲ್ ಅಳೆಯೋ ಕಡ್ಡಿ (ಡಿಪ್‌ಸ್ಟಿಕ್) ಒಂದ್ಸಲ ಎಳೆದು ನೋಡಿದ್ರೆ ಸಾಕಿತ್ತು: 46,000 ರೂಪಾಯಿ ಎಸ್ಟಿಮೇಟ್ ಬಗ್ಗೆ ದೂರು

ಗೆ,
ಸರ್ವಿಸ್ ಮ್ಯಾನೇಜರ್ ಅವರಿಗೆ,

ವಿಷಯ: ಮಾರುತಿ 800 ಹೊಗೆ ಕಂಪ್ಲೇಂಟಿಗೆ ತಪ್ಪು ಕಾರಣ ಹೇಳಿದ್ದು, ಮಾಡದ ಕೆಲಸಕ್ಕೆ ಬಿಲ್ ಹಾಕಿದ್ದು, 3,540 ರೂಪಾಯಿ ವಾಪಸ್ ಕೇಳ್ತಿರೋದು.

ಸರ್,

ಕಳೆದ ತಿಂಗಳು ನಮ್ಮ ಅಪ್ಪನ 1998ರ ಮಾರುತಿ 800 ತಗೊಂಡು ನಿಮ್ಮ ವರ್ಕ್‌ಶಾಪಿಗೆ ಬಂದಿದ್ದೆ, ಬಿಳಿ ಬಣ್ಣ, ಕೆಎ-15 ಗಾಡಿ, ಗೇಟಲ್ಲಿ ಸೆಕ್ಯುರಿಟಿಯವ್ರು ಹೊಗೆ ನೋಡಿ ಮೂಗು ಮುಚ್ಕೊಂಡಿದ್ರಲ್ಲ ಅದೇ. ಫೋನಲ್ಲಿ ಮೂರು ಸಲ ಮಾತಾಡಿದೆ, ಮೂರು ಸಲಾನೂ "ಅಡ್ವೈಸರ್ ಲೀವಲ್ಲಿದಾರೆ" ಅಂದ್ರಿ, ಅದಕ್ಕೇ ಬರವಣಿಗೆಲೇ ಕೊಡ್ತಿದೀನಿ.

ಗಾಡಿ ಕಥೆ ಮೊದ್ಲು ಹೇಳ್ಬಿಡ್ತೀನಿ, ಯಾಕಂದ್ರೆ ನಿಮ್ಮವ್ರು ಅದನ್ನ ಕೇಳ್ಲೇ ಇಲ್ಲ. 2021ರಲ್ಲಿ ಅಪ್ಪನಿಗೆ ಕಣ್ಣಿನ ತೊಂದರೆ ಜಾಸ್ತಿ ಆಗಿ ಡ್ರೈವಿಂಗ್ ಬಿಟ್ರು. ಗಾಡಿ ಸಾಗರ ಹತ್ರದ ನಮ್ಮೂರ ಮನೆ ಕೊಟ್ಟಿಗೆ ಪಕ್ಕದ ಶೆಡ್ಡಲ್ಲೇ ನಿಂತ್ಬಿಡ್ತು. ಮಲೆನಾಡಿನ ಮಳೆಗಾಲ ಹೆಂಗಿರತ್ತೆ ನಿಮಗೂ ಗೊತ್ತು, ಚಪ್ಪಲಿಗೂ ಬೂಷ್ಟು ಹಿಡಿಯತ್ತೆ. ಅಪ್ಪ ಮೊದಲ ಒಂದು ವರ್ಷ ವಾರಕ್ಕೊಂದ್ಸಲ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡ್ತಿದ್ರು, ಗಾಡಿಗೆ ಒಳ್ಳೇದು ಅಂತ. ಪಾಪ, ಅದು ಒಳ್ಳೇದಲ್ಲ ಅಂತ ಈಗ ಗೊತ್ತಾಗಿದೆ. ಇಂಜಿನ್ ಪೂರ್ತಿ ಬಿಸಿ ಆಗೋ ಮೊದ್ಲೇ ಆಫ್ ಮಾಡಿದ್ರೆ ಸೈಲೆನ್ಸರಲ್ಲೂ ಆಯಿಲಲ್ಲೂ ನೀರು ಕೂತ್ಕೊಳ್ಳತ್ತೆ, ಆರಲ್ಲ. ಆಯಿಲ್ ಹಾಕೋ ಮುಚ್ಚಳದ ಒಳಗಡೆ ಮಜ್ಜಿಗೆ ಮೇಲಿನ ನೊರೆ ತರ ಹಳದಿ ಪೇಸ್ಟ್ ಇತ್ತು. ಆಮೇಲೆ ಬ್ಯಾಟರಿ ಸತ್ತೋಯ್ತು, ಗಾಡಿ ಹಂಗೇ ಬಿತ್ತು.

ಈ ವರ್ಷ ನಾನು ಊರಿಗೆ ಬಂದಾಗ ಹೊಸ ಬ್ಯಾಟರಿ ಹಾಕಿ, ವಾರ್ನಿಷ್ ವಾಸನೆ ಬರ್ತಿದ್ದ ಹಳೇ ಪೆಟ್ರೋಲ್ ಪೂರ್ತಿ ತೆಗೆದು, ಹೊಸದು ಹತ್ತು ಲೀಟರ್ ಹಾಕಿ ಸ್ಟಾರ್ಟ್ ಮಾಡ್ದೆ. ಮೊದಲು ಬಿಳಿ ಹೊಗೆ, ಜೊತೆಗೆ ಸೈಲೆನ್ಸರ್ ತುದಿಯಿಂದ ತೊಟ್ ತೊಟ್ ನೀರು. ಅದು ಹತ್ತು ನಿಮಿಷಕ್ಕೆ ನಿಂತೋಯ್ತು. ಬಿಳಿ ಹೊಗೆ ನಿಲ್ಲದೇ ಬರ್ತಾ ಇದ್ದು, ರೇಡಿಯೇಟರ್ ನೀರು ಕಮ್ಮಿ ಆಗ್ತಾ ಇದ್ರೆ, ಆ ನೀರು ಸಿಲಿಂಡರಿಗೆ ನುಗ್ಗದ ಹಾಗೆ ತಡೆಯೋ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ ಹೆದರ್ಬೇಕು, ನಮ್ಮದು ನೀರು ಒಂದು ಹನಿ ಕಮ್ಮಿ ಆಗಿರ್ಲಿಲ್ಲ. ಎರಡ್ಮೂರು ದಿನ ಊರೊಳಗೇ ಓಡಿಸಿದೆ, ಆಗ ಶುರುವಾಯ್ತು ನೋಡಿ ನೀಲಿ ಹೊಗೆ, ಬಿಸಿ ಆದ್ಮೇಲೂ ನಿಲ್ತಿಲ್ಲ, ಆಕ್ಸಿಲರೇಟರ್ ಒತ್ತಿದ್ರೆ ಹಿಂದಿನ ಗಾಜಲ್ಲಿ ರಸ್ತೆನೇ ಕಾಣಲ್ಲ, ಜೊತೆಗೆ ಪೆಟ್ರೋಲ್ ವಾಸನೆ. ಇಷ್ಟನ್ನೂ ನಿಮ್ಮ ಅಡ್ವೈಸರಿಗೆ ಹೇಳೋಕೆ ಹೋದೆ, ಅವರು ಟ್ಯಾಬಲ್ಲಿ ಬರ್ಕೊಂಡಿದ್ದು "ಸ್ಮೋಕ್ ಪ್ರಾಬ್ಲಂ" ಅಂತ ಎರಡೇ ಪದ.

ಮಧ್ಯಾಹ್ನ ಫೋನ್ ಬಂತು. ಪಿಸ್ಟನ್ ರಿಂಗ್ (ಆಯಿಲ್ ಸಿಲಿಂಡರ್ ಮೇಲಕ್ಕೆ ಬರದ ಹಾಗೆ ತಡೆಯೋ ಬಳೆ) ಹೋಗಿದೆ ಸರ್, ಇಂಜಿನ್ ಇಳಿಸ್ಬೇಕು, ರಿಂಗ್, ಬೋರ್, ಗ್ಯಾಸ್ಕೆಟ್ ಕಿಟ್, ಲೇಬರ್ ಎಲ್ಲಾ ಸೇರಿ 46,000, ಇಲ್ಲಾಂದ್ರೆ ಸ್ಕ್ರ್ಯಾಪಿಗೆ ಕೊಡಿ ಒಳ್ಳೆ ರೇಟ್ ಕೊಡಿಸ್ತೀವಿ ಅಂದ್ರು. ಯೋಚ್ನೆ ಮಾಡ್ತೀನಿ ಅಂತ ಗಾಡಿ ವಾಪಸ್ ತಂದೆ. ಬಿಲ್ ಕಟ್ಟಿದೆ: ಜನರಲ್ ಚೆಕಪ್ 900, ಕಂಪ್ರೆಷನ್ ಟೆಸ್ಟ್ 850, ಇಂಜೆಕ್ಟರ್ ಕ್ಲೀನಿಂಗ್ 1,250, ಅದರ ಮೇಲೆ 18% ಜಿಎಸ್‌ಟಿ, ಒಟ್ಟು 3,540.

ಇಂಜೆಕ್ಟರ್ ಕ್ಲೀನಿಂಗ್! ಇದು ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡೋ ಕಾರ್ಬುರೇಟರ್ ಇರೋ ಹಳೇ ತರದ ಗಾಡಿ ಮಾರಾಯ್ರೆ. ಇದರಲ್ಲಿ ಇಂಜೆಕ್ಟರೇ ಇಲ್ಲ. ಇಲ್ಲದೇ ಇರೋದನ್ನ ನಿಮ್ಮ ಹುಡುಗ್ರು ಎಲ್ಲಿ ಹುಡುಕಿ, ಯಾವುದರಲ್ಲಿ ತೊಳೆದ್ರು ಅಂತ ನಂಗೆ ನಿಜವಾಗ್ಲೂ ಕುತೂಹಲ ಇದೆ.

ಕಂಪ್ರೆಷನ್ ಟೆಸ್ಟ್ ಇನ್ನೂ ಚೆನ್ನಾಗಿದೆ. ಅದು ಸಿಲಿಂಡರ್ ಒಳಗಿನ ಒತ್ತಡ ಅಳೆಯೋ ಟೆಸ್ಟ್, ಮಾಡ್ಬೇಕಂದ್ರೆ ಸ್ಪಾರ್ಕ್ ಪ್ಲಗ್ ಬಿಚ್ಚಲೇಬೇಕು, ಮೂರು ಸಿಲಿಂಡರ್ ಇಂಜಿನ್, ಮೂರು ಪ್ಲಗ್. ಮನೆಗೆ ಬಂದು ಬಾನೆಟ್ ತೆಗೆದ್ರೆ ಮೂರನೇ ಪ್ಲಗ್ ವೈರಿಗೂ ಪಕ್ಕದ ಪೈಪಿಗೂ ನಡುವೆ ಜೇಡರ ಬಲೆ ಹಂಗೇ ಇತ್ತು, ಪ್ಲಗ್ ಸುತ್ತ ಇಲಿ ತಂದಿಟ್ಟ ಭತ್ತದ ಹೊಟ್ಟು ಕೂಡ ಕದಲಿರ್ಲಿಲ್ಲ. ಫೋಟೋ ತೆಗೆದಿದೀನಿ, ಈ ಪತ್ರದ ಜೊತೆ ಇದೆ. ರೀಡಿಂಗ್ ಎಷ್ಟು ಬಂತು ಅಂತ ಬಿಲ್ಲಲ್ಲೂ ಇಲ್ಲ, ಫೋನಲ್ಲಿ ಕೇಳಿದ್ರೂ ಹೇಳ್ಲಿಲ್ಲ.

ಅವತ್ತು ರಾತ್ರಿ ಅಪ್ಪ ಟಾರ್ಚ್ ಹಿಡ್ಕೊಂಡು ಶೆಡ್ಡಿಗೆ ಬಂದ್ರು. ಇಪ್ಪತ್ತು ವರ್ಷದ ಅಭ್ಯಾಸ, ಬಾನೆಟ್ ತೆಗೆದಿದ್ದು ಕಂಡ್ರೆ ಕೈ ತಾನಾಗೇ ಡಿಪ್‌ಸ್ಟಿಕ್ಕಿಗೆ ಹೋಗತ್ತೆ. ಎಳೆದ್ರು, ಪಂಚೆ ಅಂಚಲ್ಲಿ ಒರೆಸಿದ್ರು, ಮತ್ತೆ ಹಾಕಿ ಎಳೆದ್ರು. ಲೆವೆಲ್ ಕಣ್ಣಿಗೆ ಕಾಣದೆ ಮೂಗಿನ ಹತ್ರ ಹಿಡ್ಕೊಂಡು, "ಇದು ಆಯಿಲ್ ಅಲ್ವೋ, ಪೆಟ್ರೋಲ್" ಅಂದ್ರು. ನಾನು ನೋಡ್ದೆ, ಎಫ್ (ಫುಲ್) ಗೆರೆಗಿಂತ ಒಂದು ಬೆರಳು ಮೇಲಿದೆ, ಬೆರಳಲ್ಲಿ ಉಜ್ಜಿದ್ರೆ ಅಂಟೇ ಇಲ್ಲ, ನೀರಾಗಿದೆ.

ಮಾರನೇ ದಿನ ಪೇಟೆಯಿಂದ ಗೊತ್ತಿರೋ ಮೆಕ್ಯಾನಿಕ್ಕನ್ನ ಕರ್ಕೊಂಡ್ಬಂದೆ. ಈ ಗಾಡೀಲಿ ಪೆಟ್ರೋಲ್ ಪಂಪ್ ಕರೆಂಟಿಂದಲ್ಲ, ಇಂಜಿನ್ ಜೊತೆ ತಿರುಗೋ ಕ್ಯಾಮ್ ತಳ್ಳಿದ ಹಾಗೆ ಕೆಲಸ ಮಾಡತ್ತೆ, ಒಳಗೆ ಪೆಟ್ರೋಲ್ ತಳ್ಳೋಕೆ ಡಯಾಫ್ರಂ ಅನ್ನೋ ತೆಳು ರಬ್ಬರ್ ಹಾಳೆ. ವರ್ಷಗಟ್ಟಲೆ ಒಣಗಿ ಗಟ್ಟಿಯಾದ ರಬ್ಬರ್, ಅದಕ್ಕೆ ಈಗಿನ 20% ಎಥೆನಾಲ್ ಇರೋ ಪೆಟ್ರೋಲ್ ಬಿತ್ತು, ಆ ಕಾಲದ ರಬ್ಬರಿಗೆ ಎಥೆನಾಲ್ ಆಗಿ ಬರಲ್ಲ, ಸೀಳಿದೆ. ಸೀಳಿದ ಮೇಲೆ ಕಾರ್ಬುರೇಟರಿಗೆ ಹೋಗೋ ಪೆಟ್ರೋಲ್ ಸ್ವಲ್ಪ ಸ್ವಲ್ಪ ಇಂಜಿನ್ ಒಳಗಡೆ ಇಳಿದು ತಳದ ಆಯಿಲ್ ತೊಟ್ಟೀಲಿ, ಅಂದ್ರೆ ಸಂಪಲ್ಲಿ, ಆಯಿಲ್ ಜೊತೆ ಸೇರತ್ತೆ. ಆಯಿಲ್ ತೆಳುವಾಗಿ ರಿಂಗ್ ದಾಟಿ ಮೇಲೆ ಬಂದು ಉರಿಯತ್ತೆ, ಲೆವೆಲ್ ಜಾಸ್ತಿ ಆಗಿ, ಇಂಜಿನ್ ಒಳಗಿನ ಆವಿ ಹೊರಗೆ ಬಿಡೋ ಬ್ರೀದರ್ ಪೈಪಲ್ಲಿ ಏರ್‌ಫಿಲ್ಟರಿಗೂ ಹೋಗತ್ತೆ. ಫಿಲ್ಟರ್ ಡಬ್ಬಿ ಒಳಗೆ ಎಣ್ಣೆ ಜಿಡ್ಡು ಕೂತಿತ್ತು. ಹೊಗೆ ನೀಲಿ ಆಗಿದ್ದಕ್ಕೂ ಪೆಟ್ರೋಲ್ ವಾಸನೆ ಬಂದಿದ್ದಕ್ಕೂ ಒಂದೇ ಕಾರಣ. ಮೂರು ಲೀಟರ್ ಒಳಗೆ ಹಿಡಿಯೋ ಇಂಜಿನ್ನಿಂದ ಇಳಿಸಿದ್ದು ನಾಲ್ಕರ ಹತ್ರ ಹತ್ರ ಬಂತು.

ಹೊಸ ಪಂಪ್, ಆಯಿಲ್, ಆಯಿಲ್ ಫಿಲ್ಟರ್, ಕೂಲಿ, ಎಲ್ಲಾ ಸೇರಿ ಮೂರು ಸಾವಿರದ ಒಳಗೆ ಮುಗೀತು. ಅವತ್ತೇ ಅವರು ಪ್ಲಗ್ ಬಿಚ್ಚಿ ಗೇಜ್ ಹಾಕಿ ಕಂಪ್ರೆಷನ್ನೂ ನೋಡಿದ್ರು: 148, 150, 145 ಪಿಎಸ್‌ಐ (ಒತ್ತಡದ ಅಳತೆ), ಅಂದ್ರೆ ರಿಂಗ್ ಚೆನ್ನಾಗೇ ಇದೆ. ಕಮ್ಮಿ ಬಂದಿದ್ರೆ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡ್ತಾರಂತೆ, ಆಗ ರೀಡಿಂಗ್ ಏರಿದ್ರೆ ರಿಂಗು, ಏರದೇ ಇದ್ರೆ ವಾಲ್ವು. ನಮ್ಮದಕ್ಕೆ ಆ ಚಮಚಾನೂ ಬೇಕಾಗ್ಲಿಲ್ಲ. ಸೈಲೆನ್ಸರಲ್ಲಿ ಕೂತಿದ್ದ ಎಣ್ಣೆ ಉರಿದು ಹೋಗೋಕೆ ಇಪ್ಪತ್ತು ಕಿಲೋಮೀಟರ್ ಬೇಕಾಯ್ತು, ಆಮೇಲೆ ಹೊಗೆ ಇಲ್ಲ. ಬೆಳಗ್ಗೆ ಮೊದಲ ಸ್ಟಾರ್ಟಲ್ಲಿ ಮಾತ್ರ ಒಂದು ಉಸಿರಷ್ಟು ನೀಲಿ ಬಂದು ಹೋಗತ್ತೆ, ಅದು ವಾಲ್ವ್ ಸುತ್ತ ಎಣ್ಣೆ ತಡೆಯೋ ರಬ್ಬರ್ ಸೀಲ್ ಗಟ್ಟಿ ಆಗಿರೋದು, ರಾತ್ರಿ ಇಳಿದ ಎಣ್ಣೆ. ಅದನ್ನ ದೀಪಾವಳಿಗೆ ಮಾಡಿಸ್ತೀನಿ, ಅದಕ್ಕೂ ಇಂಜಿನ್ ಇಳಿಸೋದು ಬೇಡ.

ನಂಗೆ ಸಿಟ್ಟು ಬಂದಿರೋದು ದುಡ್ಡಿಗಿಂತ ಇನ್ನೊಂದಕ್ಕೆ. ನೀವು ಕೊಟ್ಟ ಚೆಕ್ ಶೀಟಲ್ಲಿ ಮೊದಲನೇ ಸಾಲು "ಇಂಜಿನ್ ಆಯಿಲ್ ಲೆವೆಲ್", ಅದರ ಮುಂದೆ ಓಕೆ ಅಂತ ಟಿಕ್ ಇದೆ. ಗೆರೆ ದಾಟಿ ಪೆಟ್ರೋಲ್ ತುಂಬಿರೋ ಸಂಪ್ ಹೆಂಗ್ ಓಕೆ ಆಯ್ತು? ಅದೂ ಸಾಲದು ಅಂತ ಅದೇ ಸ್ಥಿತೀಲಿ 14 ಕಿಲೋಮೀಟರ್ ಟೆಸ್ಟ್ ಡ್ರೈವ್ ಮಾಡಿದೀರ, ಮೀಟರ್ ರೀಡಿಂಗ್ ಜಾಬ್ ಕಾರ್ಡಲ್ಲಿ ನಿಮ್ಮದೇ ಕೈಬರಹದಲ್ಲಿದೆ. ಪೆಟ್ರೋಲ್ ಬೆರೆತ ಆಯಿಲಲ್ಲಿ ಓಡಿಸಿದ್ರೆ ಬೇರಿಂಗ್ ಹೋಗತ್ತೆ, ಬೆಂಕಿ ಭಯಾನೂ ಇದೆ. ಹಳೇ ಗಾಡಿ, ಹೆಂಗೂ ಸ್ಕ್ರ್ಯಾಪಿಗೆ ಹೋಗೋದು ಅಂತ ನಿಮ್ಮವ್ರು ಮೊದಲೇ ತೀರ್ಮಾನ ಮಾಡಿಟ್ಕೊಂಡಿದ್ರು ಅನ್ನೋದೇ ನನ್ನ ಅನಿಸಿಕೆ.

ಹಾಗಾಗಿ 3,540 ಪೂರ್ತಿ ವಾಪಸ್ ಬೇಕು, ಚೆಕಪ್ಪಿನ 900 ಕೂಡ ಸೇರಿ, ಯಾಕಂದ್ರೆ ಚೆಕ್ಕೇ ಮಾಡಿಲ್ಲ. ಕಂಪ್ರೆಷನ್ ಟೆಸ್ಟ್ ಮಾಡಿದೀವಿ ಅಂತ ಈಗಲೂ ಹೇಳೋದಾದ್ರೆ ಮೂರು ಸಿಲಿಂಡರಿನ ರೀಡಿಂಗ್ ಬರೆದು ಸೈನ್ ಮಾಡಿ ಕಳಿಸಿ. ಹದಿನೈದು ದಿನ ಕಾಯ್ತೀನಿ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸ್ತೀನಿ, ಅಲ್ಲೂ ಆಗ್ಲಿಲ್ಲ ಅಂದ್ರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗ, 5 ಲಕ್ಷದ ಒಳಗಿನ ಕೇಸಿಗೆ ಅಲ್ಲಿ ಫೀಸೂ ಇಲ್ಲ.

ಬಿಲ್, ಜಾಬ್ ಕಾರ್ಡ್, ಜೇಡರ ಬಲೆ ಫೋಟೋ ಲಗತ್ತಿಸಿದೀನಿ. ಸೀಳಿದ ಡಯಾಫ್ರಂ ಬಿಸಾಕಿಲ್ಲ, ಒಂದು ಹಳೇ ಹಾರ್ಲಿಕ್ಸ್ ಬಾಟ್ಲಲ್ಲಿ ಹಾಕಿಟ್ಟಿದೀನಿ, ನೋಡ್ಬೇಕು ಅಂದ್ರೆ ತರ್ತೀನಿ. ಅದೇ ಗಾಡೀಲೇ ಬರ್ತೀನಿ.

ಇಂತಿ,
ಗಾಡಿ ಮಾಲೀಕರ ಮಗ